ಅರ ಮುಟ್ಟದ ಹಲ್ಲು

ಎದುರು ಕುಳಿತು ಹೇಳಲು ನನಗೆ ಬರುವುದಿಲ್ಲ ಎಂಬುದು, ಮೊಮ್ಮಕ್ಕಳೇ, ನಿಮಗೆ ಗೊತ್ತೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಹೊಲಿಗೆ ಮಷೀನಿಗೆ ಒಂದೇ ಹನಿ ಎಣ್ಣೆ ಬಿಟ್ಟು ಅದನ್ನೂ ಬಟ್ಟೆಯಿಂದ ಒರೆಸಿದಾಗ ನೀವು ನಕ್ಕಿರಿ. ಆಯಿ ಎಣ್ಣೆಗೂ ಜಿಪುಣಿ ಎಂದಿರಿ. ಅಷ್ಟೇ ಎಣ್ಣೆ ಸಾಕು ಎಂದು ನಾನು ಕಲಿತದ್ದು ಹೊಲಿಗೆ ಮಷೀನಿನಿಂದಲ್ಲ, ಒಂದು ಬಂದೂಕಿನಿಂದ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಮಾವನವರು, ಅಂದರೆ ನಿಮ್ಮ ಮುತ್ತಜ್ಜ, ಸರಕಾರದ ಲೈಸೆನ್ಸ್ ಪಡೆದು ರೈತರ ಬಂದೂಕು ರಿಪೇರಿ ಮಾಡುತ್ತಿದ್ದರು. ಬೆಳೆ ಕಾಯಲು ಲೈಸೆನ್ಸ್ ಇಟ್ಟುಕೊಂಡವರು ಸಂಪಗಾಂವ, ನೇಸರಗಿ, ಕಿತ್ತೂರು, ದೂರದ ರಾಮದುರ್ಗದ ಕಡೆಯಿಂದಲೂ ಬರುತ್ತಿದ್ದರು. ಮಾವನವರ ಜೊತೆಗೆ ನಿಮ್ಮ ಅಜ್ಜ ಕೆಲಸ ಮಾಡುತ್ತಿದ್ದರು. ಅಜ್ಜ ಕಾಮಣಿಯಿಂದ, ಅಂದರೆ ಕಾಮಾಲೆಯಿಂದ, ತೀರಿಕೊಂಡ ಮೇಲೆ ಅವರು ಕೂರುತ್ತಿದ್ದ ಮಣೆ ಖಾಲಿಯಾಯಿತು. ಮಾವನವರ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಮೊದಲು ಸಲಕರಣೆ ಎತ್ತಿಕೊಡಲು ಕುಳಿತ ನಾನು ನಿಧಾನಕ್ಕೆ ನಳಿಗೆ ತೊಳೆಯುವುದು, ತುಕ್ಕು ತೆಗೆಯುವುದು, ಕಟ್ಟಿಗೆಗೆ ಹೊಳಪು ಕೊಡುವುದು ಎಲ್ಲವನ್ನೂ ಮಾಡತೊಡಗಿದೆ. ಮುಂದಿನ ಕೋಣೆಯಲ್ಲಿ ಅವರು ಗಿರಾಕಿಯ ಕೂಡ ಮಾತಾಡಿ, ಲೈಸೆನ್ಸ್ ನೋಡಿ ಬಂದೂಕು ತೆಗೆದುಕೊಳ್ಳುತ್ತಿದ್ದರು. ಪರದೆಯ ಹಿಂದೆ ಕೆಲಸ ನನ್ನದು. ಯಾವ ಗಿರಾಕಿಯೂ ನನ್ನ ಮುಖ ನೋಡಿರಲಿಲ್ಲ. ನನಗೂ ಅದೇ ಬೇಕಾಗಿತ್ತು.

ಆ ವರ್ಷ ಲೈಸೆನ್ಸಿನ ಅವಧಿ ಮುಗಿಯುವುದಿತ್ತು. ಇನ್ನು ಅದನ್ನು ತಿರುಗಿ ಕೊಟ್ಟುಬಿಡುವುದೇ ಒಳ್ಳೆಯದು ಎಂದು ಮಾವನವರು ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದರು. ತಮ್ಮ ಕಣ್ಣಿಗೆ ಕಾಣದ ಕೆಲಸಕ್ಕೆ ತಾವು ಹೇಗೆ ಜವಾಬ್ದಾರಿ ಹೊರುವುದು ಎಂಬುದು ಅವರ ಪ್ರಶ್ನೆ. ಅಂಗಡಿ ಮುಚ್ಚಿದರೆ ನನಗೆ ಉಳಿಯುವುದು ಅಡುಗೆಮನೆ ಮತ್ತು ಓಣಿಯವರ ಕುಪ್ಪಸ ಹೊಲಿಯುವುದು ಮಾತ್ರ. ನಿಮ್ಮ ಅಜ್ಜನ ಮಣೆಯ ಮೇಲೆ ಕುಳಿತು ಕೆಲಸ ಮಾಡುವಾಗ ನಾನು ಯಾರ ಮನೆಯ ವಿಧವೆಯೂ ಆಗಿರುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಶ್ರಾವಣದಲ್ಲಿ ಕಿತ್ತೂರಿನ ಆಚೆಯ ಹಳ್ಳಿಯಿಂದ ಒಬ್ಬ ಗೌಡರು ಕಂಬಳಿಯಲ್ಲಿ ಸುತ್ತಿದ ಬಂದೂಕು ಹಿಡಿದು ಬಂದರು. ಹನ್ನೆರಡು ಬೋರಿನ ಒಂಟಿ ನಳಿಗೆ, ಅವರ ಅಪ್ಪನ ಕಾಲದ್ದು. ಅವರ ಹೊಲ ಕಾಡಿನ ಅಂಚಿಗಿತ್ತು. ಗೋವಿನಜೋಳ ಹಾಲುಗಾಳು ಹಿಡಿಯುವ ಹೊತ್ತಿಗೆ ಕಾಡುಹಂದಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಆಕಾಶಕ್ಕೆ ಒಂದು ಸಲ ಹಾರಿಸಿದರೆ ಸಾಕು, ಓಡುತ್ತಿದ್ದವು. ಆದರೆ ಈಗ ಟ್ರಿಗರ್ ಎಳೆದರೆ ಒಳಗೆ ಕರಕರ ಅನ್ನುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಇನ್ನಷ್ಟು ಬಲ ಹಾಕಿದರೆ ಥಟ್ಟನೆ ಬಿಟ್ಟುಬಿಡುತ್ತದೆ. ಹಿಂದಿನ ಸಲ ಹಾಗೆ ಜಗ್ಗಿದಾಗ ಬಂದೂಕು ಕೈಯಲ್ಲೇ ಹೊರಳಿ, ಆಕಾಶಕ್ಕೆ ಹೋಗಬೇಕಾದ ಗುಂಡು ಬದುವಿನ ಮಾವಿನ ಟೊಂಗೆಗೆ ಬಿತ್ತಂತೆ. ಅದರ ಕೆಳಗೇ ಅವರ ಆಳು ನಿಂತಿದ್ದ. ಅಂದಿನಿಂದ ಅವರು ಬಂದೂಕು ಎತ್ತಿರಲಿಲ್ಲ. ಅದಕ್ಕೂ ಮೊದಲು ಚುನಾವಣೆಯ ನಿಯಮದಂತೆ ಠಾಣೆಯಲ್ಲಿ ಇಟ್ಟದ್ದು ಬಹಳ ದಿನ ಬಿಟ್ಟು ಮನೆಗೆ ಬಂದಿತ್ತು. ಅಲ್ಲಿಯ ಧೂಳೇ ಹೊಕ್ಕಿರಬೇಕು ಎಂದು ಗೌಡರು, ಹೌದು ಎಂದು ಮಾವನವರು.

ಬಂದೂಕು ಒಳಗೆ ಬಂತು. ಜೊತೆಗೆ ಮಾವನವರೂ ಬಂದು ಮೆಲ್ಲಗೆ ಹೇಳಿದರು.

“ಯವ್ವಾ, ಇದು ಕೀಲಿನ ಕೆಲಸ. ಇದು ಚಂದ ಆತು ಅಂದ್ರ ಲೈಸೆನ್ಸ ಇರಲಿ. ಆಗ್ಲಿಲ್ಲಂದ್ರ ದೀಪಾವಳಿಗೆ ಅಂಗಡಿ ಬಂದ್.”

ನಾನು ಹೂಂ ಎಂದು ಬಂದೂಕು ಎತ್ತಿಕೊಂಡೆ.

ಮೊದಲ ಕೆಲಸ ಯಾವಾಗಲೂ ಒಂದೇ. ನಳಿಗೆಯನ್ನು ಮಡಿಸಿ, ತೋಟಾ, ಅಂದರೆ ಕಾಡತೂಸು, ಕೂರುವ ಜಾಗವನ್ನು ಕಣ್ಣಿನಿಂದ ನೋಡಬೇಕು, ಆಮೇಲೆ ಬೆರಳು ಹಾಕಿ ಮುಟ್ಟಿ ನೋಡಬೇಕು. ಖಾಲಿ ಇದೆ ಎಂದು ಕೊಟ್ಟವರು ಆಣೆ ಮಾಡಿ ಹೇಳಿದ್ದರೂ ಇದು ತಪ್ಪುವಂತಿಲ್ಲ. ನಂತರ ನಳಿಗೆ ಕಳಚಿ ಪಕ್ಕಕ್ಕಿಟ್ಟೆ. ಬಂದೂಕಿನ ಕೀಲು ಕಟ್ಟಿಗೆಯ ಮಗ್ಗುಲಲ್ಲಿ ಒಂದು ಲೋಹದ ತಗಡಿನ ಹಿಂದೆ ಅಡಗಿರುತ್ತದೆ. ತಗಡಿನ ಸ್ಕ್ರೂಗಳು ಜಗ್ಗಲಿಲ್ಲ. ಒಂದೊಂದಕ್ಕೂ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಹನಿ ಬಿಟ್ಟು ರೊಟ್ಟಿ ಬಡಿಯಲು ಹೋದೆ. ರೊಟ್ಟಿ ಮುಗಿಸಿ ಬರುವಷ್ಟರಲ್ಲಿ ಸಡಿಲಾಗಿದ್ದವು.

ಬಿಚ್ಚಿದ ತುಂಡುಗಳನ್ನು ಇಡಲು ನನ್ನದೇ ಒಂದು ರೂಢಿ ಇತ್ತು. ಎದುರಿನ ಹಲಗೆಯ ಮೇಲೆ ಬಳಪದಿಂದ ಕೀಲಿನ ಆಕಾರ ಬರೆದುಕೊಳ್ಳುತ್ತಿದ್ದೆ, ರಂಗೋಲಿ ಬರೆದ ಹಾಗೆ. ಯಾವ ತುಂಡು ಎಲ್ಲಿಂದ ಬಂತೋ ಆ ಗೆರೆಯೊಳಗೇ ಅದನ್ನು ಇಡುವುದು. ತೋಟಾದ ಹಿಂಭಾಗಕ್ಕೆ ಬಡಿಯುವ ಸುತ್ತಿಗೆಯಂಥ ತುಂಡಿಗೆ ನಮ್ಮಲ್ಲಿ ಘೋಡಾ ಅನ್ನುತ್ತಾರೆ. ಘೋಡಾವನ್ನು ಹಿಂದಕ್ಕೆ ಎಳೆದಾಗ ಅದರ ಬುಡದ ಕಚ್ಚಿನಲ್ಲಿ ಒಂದು ಸಣ್ಣ ಹಲ್ಲು ಸಿಕ್ಕಿಕೊಂಡು ತಡೆದು ಹಿಡಿಯುತ್ತದೆ. ಬೆರಳಿನಿಂದ ಟ್ರಿಗರ್ ಎಳೆದರೆ ಆ ಹಲ್ಲು ಕಚ್ಚಿನಿಂದ ಜಾರುತ್ತದೆ, ಘೋಡಾ ಬಡಿಯುತ್ತದೆ. ಇಡೀ ಬಂದೂಕು ನಿಂತಿರುವುದು ಅಕ್ಕಿಕಾಳಿನಷ್ಟು ಅಗಲದ ಆ ಹಲ್ಲಿನ ಮೇಲೆ.

ಒಳಗೆಲ್ಲ ಕಂದು ಬಣ್ಣದ ಮೇಣದಂಥ ಜಿಡ್ಡು ಕಟ್ಟಿತ್ತು. ತುಂಡುಗಳನ್ನು ಚಿಮಣಿ ಎಣ್ಣೆಯಲ್ಲಿ ಇಡೀ ದಿನ ನೆನೆಹಾಕಿ, ಕುಂಚದಿಂದ ತಿಕ್ಕಿ, ಒರೆಸಿ ಕೂಡಿಸಿದೆ. ಟ್ರಿಗರ್ ಸರಾಗವಾಗಿ ಬಂತು. ಮಾವನವರೂ ಎಳೆದು ನೋಡಿ ಹೂಂ ಎಂದರು. ಆ ಸಂಜೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಚಿಮಣಿ ಎಣ್ಣೆ ಆರಿತು. ಟ್ರಿಗರ್ ಮೊದಲಿಗಿಂತ ಕೆಟ್ಟದಾಯಿತು. ಕರಕರ ಅಂದದ್ದಷ್ಟೇ ಅಲ್ಲ, ಎಳೆದ ಟ್ರಿಗರ್ ಮರಳಿ ತನ್ನ ಜಾಗಕ್ಕೇ ಬರಲಿಲ್ಲ. ನಾನೇ ಬೆರಳಿನಿಂದ ದೂಡಿ ಕೂಡಿಸಬೇಕಾಯಿತು. ಮತ್ತೆ ಬಿಚ್ಚಿ ತೊಳೆದೆ. ಒದ್ದೆ ಇರುವವರೆಗೆ ಚೆಂದ, ಒಣಗಿದರೆ ಅದೇ ಹಾಡು. ಮಾವನವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಮ್ಮ ಓಣಿಯ ತುದಿಯಲ್ಲಿ ಲೇಥ್ ಮಷೀನಿನ ಅಂಗಡಿ ಇಟ್ಟವರೊಬ್ಬರಿದ್ದರು. ಒಳ್ಳೆಯ ಮನುಷ್ಯರು, ಕೈಯೂ ಚುರುಕು. ದಿನಾ ಚಹಾದ ಹೊತ್ತಿಗೆ ಮಾವನವರ ಬಳಿ ಬಂದು ಕೂರುತ್ತಿದ್ದರು. ಅವರು ಟ್ರಿಗರ್ ಎಳೆದು ನೋಡಿ ಪರಿಹಾರ ಹೇಳಿದ್ದನ್ನು ಪರದೆಯ ಹಿಂದಿನಿಂದ ಕೇಳಿದೆ.

“ಕಾಕಾ, ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಆ ಹಲ್ಲ ಕೊಡ್ರಿ ನನ್ನ ಕಡೆ. ಎರಡ ಸಲ ಅರ ಆಡಿಸಿದ್ರ ಬೆಣ್ಣಿ ಆಕ್ಕೇತಿ.”

ನಾಳೆ ಬೆಳಿಗ್ಗೆ ಕೊಡುತ್ತೇನೆ ಎಂದರು ಮಾವನವರು. ಲೇಥ್‌ನವರು ಹೋದ ಮೇಲೆ ಒಳಗೆ ಬಂದು ಗೋಡೆಗೆ ಒರಗಿ ಕುಳಿತರು. ಗೌಡರು ಬರುವ ಸಂತೆಯ ದಿನ ಹತ್ತಿರವಾಗಿತ್ತು. ಜೋಳ ಯಾರಿಗಾಗಿಯೂ ಕಾಯುವುದಿಲ್ಲ.

ಅರ ಹಾಕಿ ಉಜ್ಜಿದರೆ ಟ್ರಿಗರ್ ಮೆತ್ತಗಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಹಲ್ಲಿನ ಮೇಲ್ಮೈಯಷ್ಟೇ ಗಟ್ಟಿಯಾಗಿ ಹದ ಮಾಡಿದ್ದಿರುತ್ತದೆ. ಅದು ಸವೆದರೆ ಒಳಗಿನದು ಮೆದು. ಆಮೇಲೆ ಹಲ್ಲು ಕಚ್ಚಿನಲ್ಲಿ ಪೂರ್ತಿ ಕೂರುವುದಿಲ್ಲ. ಬಂದೂಕನ್ನು ನೆಲಕ್ಕೆ ಊರಿದರೂ ಸಾಕು, ತಾನಾಗಿಯೇ ಹಾರುತ್ತದೆ. ರಾಮದುರ್ಗದ ಕಡೆಯಿಂದ ಬಂದ ಅಂಥದೊಂದು ಬಂದೂಕನ್ನು ಮಾವನವರು ರಿಪೇರಿ ಮಾಡದೆ ವಾಪಸು ಕಳಿಸಿದ್ದರು. ಅದನ್ನು ನನಗೆ ಹೇಳಿಕೊಟ್ಟವರೂ ಅವರೇ. ನಾನು ಅದನ್ನೇ ನೆನಪಿಸಿದೆ. ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ, ಎಲ್ಲೂ ಗೆರೆ ಇಲ್ಲ, ಮುರಿದಿಲ್ಲ, ಕನ್ನಡಿಯ ಹಾಗಿದೆ ಎಂದೆ. ಅಷ್ಟು ಉದ್ದ ನಾನು ಅವರ ಕೂಡ ಎಂದೂ ಮಾತಾಡಿರಲಿಲ್ಲ. “ಮಾಮಾ, ಹಲ್ಲಿನ್ಯಾಗ ಏನೂ ಇಲ್ರಿ. ಹಲ್ಲಿನ ಮ್ಯಾಲ ಏನೋ ಐತಿ. ಅರ ಬ್ಯಾಡ್ರಿ,” ಎಂದು ಮುಗಿಸಿದೆ.

“ಏನ ಐತಿ?” ಎಂದರು.

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ಹಲ್ಲನ್ನು ಅರಕ್ಕೆ ಕೊಡುವುದನ್ನು ಸಂತೆಯವರೆಗೆ ಮುಂದಕ್ಕೆ ಹಾಕಿದರು.

ಉತ್ತರ ಸಿಕ್ಕಿದ್ದು ಬಚ್ಚಲಲ್ಲಿ. ಕೀಲು ಒರೆಸಿದ ಹಳೆಯ ಧೋತರದ ತುಂಡುಗಳನ್ನು ನೆನೆಸಿಟ್ಟಿದ್ದೆ. ಕಂದು ಕಲೆಯ ಮೇಲೆ ಸಾಬೂನು ತಿಕ್ಕಿದೆ. ಕಲೆ ಹೋಗಲಿಲ್ಲ, ಕೆಂಪಾಯಿತು. ಕುಂಕುಮದ ನೀರಿನಂಥ ಕೆಂಪು. ಸಾಬೂನು ಕೈಯಲ್ಲೇ ಹಿಡಿದು ಕುಳಿತುಬಿಟ್ಟೆ. ಸೀರೆಯ ಸೆರಗಿಗೆ ಸಾರು ಬಿದ್ದಾಗ, ಮದುವೆಯ ಅರಿಶಿನದ ಬಟ್ಟೆ ಒಗೆಯುವಾಗ, ಇದನ್ನು ನಾನು ಎಷ್ಟು ಸಲ ಕಂಡಿದ್ದೆನೋ. ಸಾಬೂನು ತಾಗಿದರೆ ಹೀಗೆ ಕೆಂಪಾಗುವುದು ಅರಿಶಿನ ಒಂದೇ. ಠಾಣೆಯ ಧೂಳು ಕೆಂಪಾಗುವುದಿಲ್ಲ. ಬಂದೂಕಿನ ಹೊಟ್ಟೆಯಲ್ಲಿ ಅರಿಶಿನ ಎಲ್ಲಿಂದ ಬಂತು?

ಸಂತೆಯ ದಿನ ಗೌಡರು ಬಂದರು. ಕೇಳಲೇಬೇಕಾಗಿತ್ತು. ಮಾವನವರ ಮೂಲಕ ಕೇಳಿಸಬಹುದಿತ್ತು, ಆದರೆ ಒಂದು ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಸೆರಗು ಹೊದ್ದು, ಪರದೆಯನ್ನು ಅರ್ಧ ಸರಿಸಿ, ನೆಲ ನೋಡುತ್ತ ನಿಂತೆ. ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬಂದೂಕನ್ನು ಹೇಗೆ ಪೂಜಿಸುತ್ತೀರಿ ಎಂದು ಕೇಳಿದೆ. ಗೌಡರಿಗೆ ಆಶ್ಚರ್ಯವಾಯಿತು, ಯಾರಿದು ಎಂದೋ, ಇದೇನು ಪ್ರಶ್ನೆ ಎಂದೋ. ಆದರೂ ಹೇಳಿದರು.

“ಅದೆಲ್ಲ ನಮ್ಮವ್ವನ ಕೆಲಸರೀ. ಸವದತ್ತಿ ಎಲ್ಲಮ್ಮನ ಭಂಡಾರ ಮನ್ಯಾಗ ಇದ್ದ ಇರತೈತಿ. ಬಂದೂಕಿಗೆ ಮೈತುಂಬ ಭಂಡಾರ ಹಚ್ಚತಾಳ. ಆಮ್ಯಾಲ ಕುಸುಬಿ ಎಣ್ಣಿ ಹಾಕತಾಳ.”

“ಎಲ್ಲಿ ಹಾಕತಾರ್ರೀ?”

“ಘೋಡಾದ ಸಂದ್ಯಾಗ. ಬಂದೂಕಿಗೂ ಹೊಟ್ಟಿ ಐತಿ, ವರ್ಷಕ್ಕೊಮ್ಮೆರ ಉಣಿಸಬೇಕು ಅಂತಾಳ.”

ಮಾವನವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಭಂಡಾರ ಅಂದರೆ ದೇವಿಯ ಅರಿಶಿನವೇ ಅಲ್ಲವೇ? ನಮ್ಮ ಸೀಮೆಯ ಮನೆಗಳಲ್ಲೆಲ್ಲ ಕುಸುಬಿ ಎಣ್ಣೆಯೇ. ಅಡುಗೆಮನೆಯ ಎಣ್ಣೆ ಗಿಂಡಿಯನ್ನು ಕೆಲವು ತಿಂಗಳು ತೊಳೆಯದೆ ಬಿಟ್ಟು ನೋಡಿ, ಹೊರಗೆ ಸೋರಿದ ಎಣ್ಣೆ ವಾರ್ನಿಷ್ ಹೊಡೆದ ಹಾಗೆ ಗಟ್ಟಿಯಾಗಿರುತ್ತದೆ. ಉಗುರಿಗೂ ಬರುವುದಿಲ್ಲ. ಗೌಡರ ತಾಯಿ ವರ್ಷ ವರ್ಷ ಭಕ್ತಿಯಿಂದ ಎಣ್ಣೆ, ಭಂಡಾರ ಉಣಿಸಿದ್ದರು. ಅದು ಪದರ ಪದರವಾಗಿ ಒಣಗಿ ಒಳಗೆ ಗಾರೆ ಕಟ್ಟಿತ್ತು. ಚಿಮಣಿ ಎಣ್ಣೆ ಅದನ್ನು ಮೆತ್ತಗೆ ಮಾಡಿತ್ತೇ ಹೊರತು ಕಿತ್ತಿರಲಿಲ್ಲ. ಒಣಗಿದ ಕೂಡಲೇ ಮತ್ತೆ ಅಂಟಿಕೊಂಡಿತ್ತು. ಹಲ್ಲಿನ ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದದ್ದರಲ್ಲಿ ಅರ್ಧ ಉಕ್ಕು, ಅರ್ಧ ಒಣಗಿದ ಎಣ್ಣೆ.

ಎಣ್ಣೆ ಗಿಂಡಿಯನ್ನು ನಾನು ಯಾವುದರಿಂದ ತೊಳೆಯುತ್ತಿದ್ದೆನೋ ಅದೇ ಇದಕ್ಕೂ ಬೇಕು ಅನ್ನಿಸಿತು: ಬಟ್ಟೆ ಒಗೆಯುವ ಸೋಡಾ ಹಾಕಿದ ಕುದಿಯುವ ನೀರು. ಗೌಡರಲ್ಲಿ ಇನ್ನೊಂದು ಸಂತೆಯವರೆಗೆ ಸಮಯ ಕೇಳಿ, ಅವರನ್ನು ಕಳಿಸಿದ ಮೇಲೆ ಮಾವನವರಿಗೆ ಹೇಳಿದೆ. ಅವರ ನಗು ಅಲ್ಲೇ ನಿಂತಿತು. ಬಂದೂಕಿನ ಉಕ್ಕಿಗೆ ನೀರು ತೋರಿಸಬಾರದು ಎಂದು ಅವರ ಅಪ್ಪ ಹೇಳಿದ್ದನ್ನು ಅವರು ಒಂದು ದಿನವೂ ಮೀರಿದವರಲ್ಲ. ಅದರಲ್ಲೂ ಕುದಿಯುವ ನೀರು. ಹದ ಇಳಿದರೆ? ಸಂದಿಯಲ್ಲಿ ತುಕ್ಕು ಹಿಡಿದರೆ? ಅವರ ಭಯ ಸುಳ್ಳಾಗಿರಲಿಲ್ಲ.

ನಾನು ಯೋಚಿಸಿಕೊಂಡಿದ್ದನ್ನು ಹೇಳಿದೆ. ಕುದಿಯುವ ನೀರಿನ ಕಾವು ಹದ ಇಳಿಸುವಷ್ಟಿಲ್ಲ, ಅದಕ್ಕೆ ಉಕ್ಕು ಬಣ್ಣ ತಿರುಗುವಷ್ಟು ಕಾಯಬೇಕು, ಅದೂ ಅವರೇ ಕುಲುಮೆಯ ಮುಂದೆ ಕಲಿಸಿದ್ದು. ಮೊದಲು ಟ್ರಿಗರಿನ ಪಿನ್ನು ಒಂದನ್ನೇ ಕುದಿಸುತ್ತೇನೆ. ಅದು ಕೆಟ್ಟರೆ ಬೇರೆ ಪಿನ್ನು ಮಾಡಬಹುದು. ಸ್ಪ್ರಿಂಗುಗಳನ್ನು ನೀರಿಗೆ ಹಾಕುವುದೇ ಇಲ್ಲ, ಸೋಡಾ ನೀರಿನ ಬಟ್ಟೆಯಿಂದ ಒರೆಸುತ್ತೇನೆ. ಕಟ್ಟಿಗೆಗೆ ನೀರಿನ ಹನಿಯೂ ತಾಗಬಾರದು. ಮಾವನವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, “ಕೆಟ್ರ ಗೌಡ್ರಿಗೆ ಉತ್ತರಾ ನಾ ಕೊಡತೇನಿ. ನೀ ಒಲಿ ಹಚ್ಚು,” ಎಂದರು.

ಹಳೆಯ ಅಲ್ಯುಮಿನಿಯಂ ಪಾತ್ರೆ ಮೊದಲು ಕೈಗೆ ಬಂತು, ಆದರೆ ಸೋಡಾ ನೀರು ಕುದಿಸಿದರೆ ಅದು ಕಪ್ಪಾಗುತ್ತದೆ. ಕಬ್ಬಿಣದ ಬಾಣಲೆ ಇಟ್ಟೆ. ಪಿನ್ನನ್ನು ತಂತಿಗೆ ಕಟ್ಟಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅದರ ಸುತ್ತ ನೀರು ಕೆಂಪಾಗತೊಡಗಿತು. ಮಾವನವರಿಗೆ ಕಾಣುವುದಿಲ್ಲ ಎಂದು ಬಾಯಿಂದ ಹೇಳುತ್ತಾ ಹೋದೆ. ಪಿನ್ನನ್ನು ಎತ್ತಿ ಒರೆಸಿ ಅವರ ಅಂಗೈಯಲ್ಲಿಟ್ಟೆ. ಅವರು ಉಗುರಿನಿಂದ ಉದ್ದಕ್ಕೂ ಗೀರಿದರು. ಉಗುರು ಎಲ್ಲೂ ತಡೆಯಲಿಲ್ಲ. ಉಳಿದದ್ದನ್ನೂ ಹಾಕು ಎಂದರು.

ಟ್ರಿಗರ್, ಹಲ್ಲು, ಘೋಡಾ, ಒಂದಾದ ಮೇಲೊಂದು ಇಳಿದವು. ಜಿಡ್ಡು ಸಿಪ್ಪೆಯ ಹಾಗೆ ಎದ್ದು ಬಂತು. ಉಳಿದದ್ದನ್ನು ಜೋಳದ ದಂಟಿನ ಸಿಬಿರಿನಿಂದ ಕೆರೆದೆ, ಅದು ಉಕ್ಕಿಗೆ ಗೀರು ಬೀಳಿಸುವುದಿಲ್ಲ. ನೀರಿನಿಂದ ತೆಗೆದ ಕ್ಷಣವೇ ಒಣಗಿಸದಿದ್ದರೆ ತುಕ್ಕು ಏಳುತ್ತದೆ. ಅದಕ್ಕೆ ರೊಟ್ಟಿಯ ಹಂಚನ್ನು ಕಾಯಿಸಿ, ಒಲೆಯಿಂದ ಇಳಿಸಿ, ಕೈ ತಾಳುವಷ್ಟು ಬಿಸಿ ಇರುವಾಗ ಅದರ ಮೇಲೆ ಹರಡಿದೆ. ಕಣ್ಣೆದುರೇ ತೇವ ಹಾರಿಹೋಯಿತು. ಮತ್ತೆ ಚಿಮಣಿ ಎಣ್ಣೆಯಲ್ಲಿ ಅದ್ದಿ, ಸಂದಿಯಲ್ಲಿ ಉಳಿದ ನೀರಿನ ಅಂಶ ತೆಗೆದೆ. ಕಟ್ಟಿಗೆಯ ಗೂಡಿನಲ್ಲಿ ತುಂಬಿದ್ದ ಗಾರೆಯನ್ನು ಒಣ ಸಿಬಿರಿನಿಂದಲೇ ಕೆರೆದು ತೆಗೆದೆ. ಬಿಸಿಲಿಗೆ ಹಿಡಿದಾಗ ಹಲ್ಲು ಈಗ ನಿಜವಾಗಿ ಕಂಡಿತು. ಬೂದು ಬಣ್ಣ, ಅಂಚು ಚೂಪು, ಮಾಡಿದವನ ಕೈ ಬಿಟ್ಟ ದಿನ ಹೇಗಿತ್ತೋ ಹಾಗೆ. ಇದಕ್ಕೆ ಅರ ಹಾಕಿಸಲು ಹೊರಟಿದ್ದೆವಲ್ಲ!

ಇನ್ನು ಎಣ್ಣೆ. ನನ್ನ ಹೊಲಿಗೆ ಮಷೀನಿನ ಎಣ್ಣೆಯನ್ನೇ ತೆಗೆದುಕೊಂಡೆ. ಅದು ತೆಳುವು, ಕುಸುಬಿ ಎಣ್ಣೆಯ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ಸೂಜಿಯ ತುದಿಯಲ್ಲಿ ಒಂದು ಹನಿ ಎತ್ತಿ ಹಲ್ಲಿಗೆ, ಕಚ್ಚಿಗೆ, ಪಿನ್ನಿಗೆ ಮುಟ್ಟಿಸಿ, ಆಮೇಲೆ ಹತ್ತಿಯಿಂದ ಒರೆಸಿದೆ. ಎಣ್ಣೆ ಇರಬೇಕು, ಕಾಣಬಾರದು. ಕಾಣುವಷ್ಟು ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಕೂಡಿಸಿದೆ. ಟ್ರಿಗರ್ ಎಳೆದೆ. ಸಣ್ಣಗೆ ಒಂದು ಕಡೆ ಉಜ್ಜಿತು.

ಅಳು ಬಂದಿತ್ತು. ಮಾವನವರು ಬಂದೂಕು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಎಳೆದರು, ಬಿಟ್ಟರು, ಎಳೆದರು. ಇದು ಜಿಡ್ಡಿನ ಸದ್ದಲ್ಲ, ಉಕ್ಕಿಗೆ ಉಕ್ಕು ತಾಗುವ ಸದ್ದು, ಪಿನ್ನು ತಿರುವುಮುರುವಾಗಿದೆ ನೋಡು ಎಂದರು. ನಿಜ. ಪಿನ್ನಿನ ಒಂದು ತುದಿ ಕೂದಲೆಳೆಯಷ್ಟು ದಪ್ಪವಿತ್ತು. ಅದನ್ನು ಕುದಿಸಲು ತಂತಿಗೆ ಕಟ್ಟಿದಾಗ ನನ್ನ ಬಳಪದ ಗೆರೆಯಿಂದ ಎತ್ತಿದ್ದೆ, ಮರಳಿ ಇಡುವಾಗ ತುದಿ ಬದಲಾಗಿತ್ತು. ತೆಗೆದು ತಿರುಗಿಸಿ ಹಾಕಿದೆ.

ಹಾರಿಸಿದ ಖಾಲಿ ತೋಟಾ ಒಂದನ್ನು ನಳಿಗೆಗೆ ತುಂಬಿ, ಘೋಡಾ ಎಳೆದು ಮಾವನವರ ಕೈಗೆ ಕೊಟ್ಟೆ. ಅವರು ಮೆಲ್ಲಗೆ ಟ್ರಿಗರ್ ಎಳೆದರು. ಕರಕರ ಇಲ್ಲ, ತಡೆ ಇಲ್ಲ. ಒಂದೇ ತೂಕದಲ್ಲಿ ಬಂದು, ಬರಬೇಕಾದಲ್ಲಿ ಸಣ್ಣ ಕಡ್ಡಿ ಮುರಿದ ಹಾಗೆ ಬಿಟ್ಟಿತು. ಆಮೇಲೆ ಘೋಡಾ ಎಳೆದಿಟ್ಟು, ಬಂದೂಕಿನ ಹಿಂಬದಿಯನ್ನು ಹಲಗೆಯ ಮೇಲೆ ಕುಟ್ಟಿ ಕುಟ್ಟಿ ನೋಡಿದರು. ಘೋಡಾ ಅಲುಗಲಿಲ್ಲ. ಹಲ್ಲು ತನ್ನ ಕೆಲಸ ಮಾಡುತ್ತಿತ್ತು. ಅವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಟ್ಟಿಗೆಯನ್ನು ಧೋತರದ ಅಂಚಿನಿಂದ ಒರೆಸಿದರು.

ಗೌಡರು ಬಂದು ಎಳೆದು ನೋಡಿದರು. ಒಂದು ಸಲ, ಇನ್ನೊಂದು ಸಲ. ಅರ ಹಾಕಿದಿರೇನು ಎಂದು ಕೇಳಿದರು. ಲೇಥ್‌ನವರೂ ಅಲ್ಲೇ ಚಹಾ ಕುಡಿಯುತ್ತಿದ್ದರು. ಮಾವನವರು ಪರದೆಯ ಕಡೆ ತಿರುಗಿ ನನ್ನನ್ನು ಹೊರಗೆ ಕರೆದರು.

“ಅರ ಮುಟ್ಟಿಲ್ರಿ ಗೌಡ್ರ. ಈಕಿನ್ನ ಕೇಳ್ರಿ, ಮಾಡಿದಾಕಿ ಈಕಿ.”

ನಾನು ಹೇಳಿದೆ, ಕೆಂಪಾದ ಬಟ್ಟೆಯಿಂದ ಹಿಡಿದು ಹಂಚಿನವರೆಗೆ. ನಡುವೆ ಲೇಥ್‌ನವರು ಸೋಡಾ ಎಷ್ಟು ಹಾಕಿದಿರಿ ಎಂದು ವಿಚಾರಿಸಿದರು, ತಮ್ಮ ಅಂಗಡಿಗೂ ಬೇಕಾಗುತ್ತದೆ ಎಂದರು. ಗೌಡರ ಚಿಂತೆ ಬೇರೆ ಇತ್ತು.

“ಅಲ್ಲ ತಂಗಿ, ನಮ್ಮವ್ವಗ ಏನ ಹೇಳ್ಲಿ? ಪೂಜಿ ಬ್ಯಾಡ ಅಂದ್ರ ನನ್ನ ಮನಿಂದ ಹೊರಗ ಹಾಕತಾಳ.”

ಪೂಜೆ ಬೇಡ ಅನ್ನುವುದು ಯಾಕೆ? ಭಂಡಾರವನ್ನು ಹಿಂದಿನ ಕಟ್ಟಿಗೆಗೆ ಹಚ್ಚಲಿ, ಕೀಲಿಗೆ ಹೊಸ ಕುಪ್ಪಸದ ಬಟ್ಟೆ ಸುತ್ತಲಿ, ಎಣ್ಣೆಯನ್ನು ದೀಪಕ್ಕೆ ಹಾಕಲಿ, ಬಂದೂಕಿನ ಪಾಲು ದೀಪ ಉಣ್ಣುತ್ತದೆ ಎಂದು ಹೇಳಿರಿ ಎಂದೆ. ಗೌಡರು ಒಪ್ಪಿಕೊಂಡು ಕಂಬಳಿ ಸುತ್ತಿದರು. ಜೋಳ ಬಲಿತ ಮೇಲೆ ಒಂದು ಚೀಲ ತೆನೆ ಬಸ್ಸಿನಲ್ಲಿ ಬಂತು. ಚೀಲ ತಂದವನು ಆ ಆಳು, ಮಾವಿನ ಮರದ ಕೆಳಗೆ ನಿಂತಿದ್ದವನು. ಈಗ ಗೌಡರು ಹಾರಿಸುವಾಗ ಅವರ ಮಗ್ಗುಲಲ್ಲೇ ನಿಲ್ಲುತ್ತೇನೆ ಎಂದ.

ಆ ವರ್ಷದ ಖಂಡೇನವಮಿಗೆ ಮಾವನವರು ಸಲಕರಣೆಗಳನ್ನೆಲ್ಲ ಕಂಬಳಿಯ ಮೇಲೆ ಹೊಂದಿಸಿಟ್ಟರು. ಸ್ಕ್ರೂ ಡ್ರೈವರುಗಳು, ಚಿಮ್ಮಟಿಗೆಗಳು, ಅರಗಳು, ನಿಮ್ಮ ಅಜ್ಜನ ಸುತ್ತಿಗೆ. ಲೈಸೆನ್ಸ್ ಮುಂದುವರಿಸಲು ಬರೆದ ಅರ್ಜಿಯೂ ಅಲ್ಲೇ ಇತ್ತು. ನಾನು ರೂಢಿಯಂತೆ ಬಾಗಿಲ ಹಿಂದೆ ನಿಂತಿದ್ದೆ. ಅಂಥ ದಿನ ನನ್ನಂಥವರು ಮುಂದೆ ಬರುವ ಪದ್ಧತಿ ಇರಲಿಲ್ಲ. ಮಾವನವರು ಭಂಡಾರದ ಬಟ್ಟಲು ಹಿಡಿದು ಕಾಯುತ್ತಿದ್ದರು. ಪ್ರತಿವರ್ಷ ಪೂಜೆ ಮಾಡುತ್ತಿದ್ದ ನನ್ನ ಅತ್ತೆಯವರು ಕೈ ಚಾಚಿದಾಗ ಕೊಡಲಿಲ್ಲ.

“ಯವ್ವಾ, ಬಾ ಇಲ್ಲೆ. ಕೆಲಸ ಮಾಡಿದ ಕೈ ಪೂಜಿ ಮಾಡಲಿ.”

ಅತ್ತೆಯವರು ಒಂದು ಕ್ಷಣ ಅವರನ್ನು ನೋಡಿ, ಆಮೇಲೆ ನನಗೆ ಜಾಗ ಬಿಟ್ಟು ಸರಿದರು. ನಾನು ಮಣೆಯ ಮೇಲೆ ಕುಳಿತು ಒಂದೊಂದು ಸಲಕರಣೆಯ ಹಿಡಿಕೆಗೆ, ಕಟ್ಟಿಗೆಯ ಮೇಲಷ್ಟೇ, ಭಂಡಾರ ಹಚ್ಚಿದೆ. ಕೊನೆಯಲ್ಲಿ ಉಳಿದದ್ದು ಎಣ್ಣೆಯ ಬಟ್ಟಲು. ಮಾವನವರು ಅದನ್ನು ಮುಂದೆ ದೂಡಿದರು. ನಾನು ಅದನ್ನೆತ್ತಿ ದೀಪಕ್ಕೆ ಸುರಿದೆ. ಬತ್ತಿ ದೊಡ್ಡದಾಗಿ ಉರಿಯಿತು.